ಮೊದಲು ಹೇಗಿದ್ದರು

ಅಕ್ಕನ ಬಾಯಿ ಎಡಕ್ಕೆ ಸೊಟ್ಟಗಾದದ್ದನ್ನು ಕಂಡಾಗ ಬಿತ್ತೋರನಿಗೆ ಮೊದಲು ಆದದ್ದು ಸಂತೋಷ. ಆಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕುಳಿತು ಅದಕ್ಕೆ ಗಾಬರಿಯೆಂದೋ ಅನುಮಾನವೆಂದೋ ಬೇರೆ ಹೆಸರಿಡಲು ಎಷ್ಟು ಹೆಣಗಿದರೂ ಆಗಲಿಲ್ಲ. ಅದು ಸಂತೋಷವೇ ಆಗಿತ್ತು, ಹಸಿದ ಹೊಟ್ಟೆಗೆ ಬಿಸಿ ಸಾರು ಇಳಿದ ಹಾಗೆ. ಮುಸ್ ಎಂಬ ಇಸ್ಪೀಟಾಟದಲ್ಲಿ ಜೊತೆಗಾರರು ಎದುರುಬದುರು ಕೂರುತ್ತಾರೆ, ಕೈಯಲ್ಲಿರುವ ಎಲೆಗಳನ್ನು ಮುಖದಲ್ಲಿ ಹೇಳಿಕೊಳ್ಳುತ್ತಾರೆ. ಕೆಳತುಟಿ ಕಚ್ಚಿದರೆ ಎರಡು ರಾಜ, ನಾಲಗೆಯ ತುದಿ ತೋರಿಸಿದರೆ ಎರಡು ಎಕ್ಕ, ಬಾಯಿಯನ್ನು ಒಂದು ಪಕ್ಕಕ್ಕೆ ಎಳೆದರೆ ಒಂದೇ ಥರದ ಮೂರು ಎಲೆ. ಎದುರಾಳಿಗಳ ಕಣ್ಣು ತಪ್ಪಿಸಿ ರೆಪ್ಪೆ ಬಡಿಯುವಷ್ಟರಲ್ಲಿ ಮಾಡಿ ಮುಗಿಸಬೇಕು. ಬಾಯಿಮಾತಿನಲ್ಲಿ ಎಷ್ಟು ಸುಳ್ಳಾದರೂ ಹೇಳಬಹುದು, ಹೇಳದವನು ಆಟಗಾರನೇ ಅಲ್ಲ. ಸನ್ನೆಯಲ್ಲಿ ಮಾತ್ರ ಸುಳ್ಳು ಕೂಡದು. ಸನ್ನೆಯಲ್ಲಿ ಸುಳ್ಳಾಡಿದವನ ಜೊತೆ ಉರೋಲ ಹೊಳೆಯ ಈ ಕಣಿವೆಯಲ್ಲಿ ಮತ್ತೆ ಯಾರೂ ಎಲೆ ಹಿಡಿಯುವುದಿಲ್ಲ. ಗುರುವಾರದ ಸಂಜೆ, ಹೋಟೆಲಿನ ಕಿಟಕಿಯ ಪಕ್ಕದ ಮೇಜು, ಅದರಡಿಗೆ ಮೊಣಕಾಲವರೆಗೂ ನುಗ್ಗಿ ನಿಂತ ಅಕ್ಕ ಕಶಿಲ್ದಳ ಗಾಲಿಕುರ್ಚಿ. ಜೋಡಿ ಇದೆಯೋ ಇಲ್ಲವೋ ಎಂದು ಸರದಿಯಂತೆ ಎಲ್ಲರೂ ಹೇಳಬೇಕಾದಾಗ ಅವಳು ಪಕ್ಕದ ಬೀದಿಗೂ ಕೇಳುವ ತನ್ನ ಎಂದಿನ ದನಿಯಲ್ಲಿ "ಇದೆ" ಅಂದಿದ್ದಳು. ಹೊರಗೆ ಇಗರ್ಜಿಯ ಗಂಟೆ ಐದು ಹೊಡೆಯಿತು. ಗಂಟೆ ನಿಲ್ಲುವುದರೊಳಗೆ ಅವಳ ಬಾಯಿ ಎಡಕ್ಕೆ ಹೋಯಿತು. ಮೂರು! ಬಿತ್ತೋರನ ಕೈಯಲ್ಲೇ ಎರಡು ರಾಜರಿದ್ದರು. ಎದುರಾಳಿ ಕ್ರಿಶ್ಪಿನನ ಬೋಳು ತಲೆಯ ಮೇಲೆ ಕುಳಿತಿದ್ದ, ಕಳೆದ ಚಳಿಗಾಲದ ಪಂದ್ಯದಲ್ಲಿ ಗೆದ್ದ ಕಪ್ಪು ಟೊಪ್ಪಿಯನ್ನು ಅವನು ಒಮ್ಮೆ ನೋಡಿದ. ಅಂಗೈಯನ್ನು ಮೇಜಿಗೆ ಬಡಿದು, ಇಡೀ ಆಟವನ್ನೇ ಒಂದು ಕೈಗೆ ಪಣವಾಗಿಡುವ ಆ ಕೂಗನ್ನು ಕೂಗಿಯೇಬಿಟ್ಟ. "ಓರ್ದಾಗೋ!"

"ಒಪ್ಪಿದೆ," ಅಂದ ಕ್ರಿಶ್ಪಿನ್, ಸಾವಧಾನವಾಗಿ. ಎರಡು ಕುದುರೆ, ಎರಡು ಏಳು, ಒಂದರ ಪಕ್ಕ ಒಂದನ್ನು ಅಂಟಿಸುವವನಂತೆ ಹಾಕಿದ. "ನಿಮ್ಮಕ್ಕನ ಮೂರನ್ನ ನಾನೂ ನೋಡಿದೆ ಕಣೋ. ಮೂರಕ್ಕಿಂತ ಎರಡು ಜೋಡಿ ದೊಡ್ಡದು ಅಂತ ನಿಮ್ಮಪ್ಪ ಹೇಳಿಕೊಡಲಿಲ್ವಾ?"

ಬಿತ್ತೋರನಿಗೆ ಸಿಟ್ಟು ಬಂದದ್ದು ಅಕ್ಕನ ಮೇಲೆ. ಸನ್ನೆಯನ್ನು ಇಷ್ಟು ಬಹಿರಂಗವಾಗಿ ಮಾಡುವುದುಂಟೇ? ಅವಳು ಇನ್ನೂ ಅವನನ್ನೇ ನೋಡುತ್ತಿದ್ದಳು, ಬಾಯಿ ಇನ್ನೂ ಎಡಕ್ಕೇ ಇತ್ತು. "ಎಲೆ ಹಾಕಕ್ಕಾ," ಅಂದ. ಕ್ರಿಶ್ಪಿನ್ ನಗುತ್ತಲೇ ಇದ್ದ. "ಆಟ ಮುಗೀತು ಕಶಿಲ್ದಕ್ಕ, ಇನ್ನಾದ್ರೂ ಬಾಯಿ ಸರಿ ಮಾಡ್ಕೋ. ಮಕ್ಕಳು ಹೆದರ್ತಾವೆ." ಅವಳ ಬಲಗೈಯಿಂದ ಎಲೆಗಳು ಒಂದೊಂದಾಗಿ, ಯಾರೂ ಅವಸರಪಡಿಸದ ಹಾಗೆ, ಮಡಿಲಿಗೆ ಜಾರಿದವು. ಆಗ ಮೇಜಿನ ಸುತ್ತ ಒಂದು ಮೌನ ಬಂತು. ಬಿತ್ತೋರ್ ಆ ಮೌನವನ್ನು ಹಿಂದೆಂದೂ ಕೇಳಿರಲಿಲ್ಲ, ಏಕೆಂದರೆ ಅಕ್ಕ ಇರುವ ಕಡೆ ಅದು ಇರಲು ಸಾಧ್ಯವೇ ಇರಲಿಲ್ಲ. ಕ್ರಿಶ್ಪಿನನ ಜೊತೆಗಾರ ಚೋಮಿನ್, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದುನಿಂತು ಹೋಟೆಲಿನವಳ ಕಡೆ ತಿರುಗಿ "ಆಂಬುಲೆನ್ಸ್!" ಎಂದು ಅರಚಿದ. ಅಕ್ಕನನ್ನು ಎತ್ತುವಾಗ ನೆಲಕ್ಕೆ ಬಿದ್ದ ಎಲೆಗಳನ್ನು ಬಿತ್ತೋರ್ ನೋಡಿದ. ಎರಡು ನಾಲ್ಕು, ಒಂದು ಆರು, ಒಂದು ಕುದುರೆ. ಒಂದೇ ಥರದ ಮೂರು ಇರಲಿಲ್ಲ. ಅವಳ ಬದುಕಿನ ಮೊದಲ ಸುಳ್ಳು ಸನ್ನೆ ಎಂಬ ವಿಚಾರ ಮನಸ್ಸಿಗೆ ಬಂದು, ಇಂಥ ಹೊತ್ತಿನಲ್ಲಿ ಇಂಥದ್ದು ತೋಚುವ ತನ್ನ ತಲೆಯ ಬಗ್ಗೆಯೇ ಅವನಿಗೆ ಹೇಸಿಗೆಯಾಯಿತು.

ನಗರದ ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ಒಂದು ಬಾಗಿಲಿನೊಳಗೆ ತಳ್ಳಿಕೊಂಡು ಹೋದರು. ಅವನು ಈಚೆ ಉಳಿದ. ಬಾಗಿಲಿನ ಗಾಜಿನಲ್ಲಿ ತನ್ನ ಮುಖ ಕಂಡು, ಸಂತೆಗೆ ಹೊರಟವನ ಮುಖದ ಹಾಗೆ ಇದೆಯಲ್ಲ ಎಂದುಕೊಂಡ. ಗೆಲುವಿನ ಲೆಕ್ಕಕ್ಕೆ ಇಟ್ಟುಕೊಳ್ಳುವ ಬಿಳಿ ಹರಳುಗಳು ಮುಷ್ಟಿಯಲ್ಲೇ ಉಳಿದಿದ್ದವು. ಎಲ್ಲಿಡಬೇಕೆಂದು ತಿಳಿಯದೆ ಕಿಸೆಗೆ ಹಾಕಿದ. ಹೊರಗೆ ಬಂದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಎದೆಯ ಮೇಲೆ ಒಯಾನ ಎಂದು ಹೆಸರಿತ್ತು, ನಿಂತಲ್ಲೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಕೊನೆಯ ಸಲ ಸರಿಯಾಗಿ ಮಾತಾಡಿದ್ದು ಯಾವಾಗ ಎಂದಳು. ಗಂಟೆ ಐದು ಹೊಡೆಯುವ ಮೊದಲು 'ಇದೆ' ಅಂದದ್ದನ್ನು ಅವನು ಹೇಳಿದ. ಇಷ್ಟು ಕರಾರುವಾಕ್ಕಾಗಿ ಹೇಳುವವರು ಸಿಗುವುದೇ ಇಲ್ಲ ಎಂದು ಅವಳು ಮುಖ ಅರಳಿಸಿದಾಗ, ಶಾಲೆಯಲ್ಲಿ ಮೇಷ್ಟರು ಬೆನ್ನು ತಟ್ಟಿದಂತೆ ಅವನಿಗೆ ಹಿತವಾಯಿತು. "ಮೆದುಳಿಗೆ ಹೋಗೋ ದೊಡ್ಡ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆ. ಮಾತು ಹೋಗಿದೆ, ಬಲಗೈ ಬಿದ್ದಿದೆ. ತೊಡೆಯಿಂದ ತೆಳ್ಳಗಿನ ಕೊಳವೆ ಬಿಟ್ಟು ಆ ಹೆಪ್ಪನ್ನ ಎಳೆದು ತೆಗೀಬಹುದು. ಅದಕ್ಕೂ ಮುಂಚೆ ಒಂದು ಮಾತು ಕೇಳಬೇಕು. ಇವರು ಮೊದಲು ಹೇಗಿದ್ದರು?"

ಬಿತ್ತೋರನಿಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. ಇಂಥ ಪ್ರಶ್ನೆಗೆ ಹೇಗೆ ನಿಲ್ಲಬೇಕು, ಕಣ್ಣನ್ನು ಎಲ್ಲಿ ಇಳಿಸಬೇಕು, ಯಾವ ಮಾತಿನ ನಂತರ ಯಾವ ಮಾತು ಬರಬೇಕು ಎಂಬುದೆಲ್ಲ ಅವನ ಮೈಗೆ ಕಂಠಪಾಠವಾಗಿತ್ತು. "ಮೂರು ವರ್ಷದವಳಿದ್ದಾಗ ಪೋಲಿಯೋ ಬಂತು ತಾಯಿ," ಎಂದು ಆರಂಭಿಸಿದ. "ನಿಲ್ಲೋಕಾಗಲ್ಲ. ನಡೆಯೋ ಮಾತೇ ಇಲ್ಲ. ಹಾಸಿಗೆಯಿಂದ ತಾನಾಗಿ ಏಳಲ್ಲ, ಎತ್ತಿ ಕೂರಿಸಬೇಕು. ಸ್ನಾನಕ್ಕೆ ಜನ ಬೇಕು, ಬಟ್ಟೆ ಹಾಕಿಕೊಳ್ಳೋಕೆ ಜನ ಬೇಕು. ಮನೆಯಿಂದ ಒಬ್ಬಳೇ ಆಚೆ ಬರೋ ಹಾಗಿಲ್ಲ. ಬೀಳ್ತಾಳೆ. ಈಗೀಗ ಬೆನ್ನು ನೋವು, ರಾತ್ರಿ ಮಗ್ಗುಲು ಬದಲಿಸೋಕೂ ನಾನೇ ಎದ್ದು ಹೋಗಬೇಕು. ಏನು ಹೇಳಲಿ, ದೇವರು ನಡೆಸಿದ ಹಾಗೆ." ಕೊನೆಯ ಮಾತಿನಲ್ಲಿ ದನಿ ತಾನಾಗಿ ತಗ್ಗಿತು. ತಗ್ಗಬೇಕು, ಅದು ಅಕ್ಕನ ಕಟ್ಟಪ್ಪಣೆ. ಸರ್ಕಾರದ ಕಚೇರಿಯಿಂದ ತಪಾಸಣೆಗೆ ಹೆಂಗಸು ಬರುವ ಹಿಂದಿನ ದಿನ ಕಶಿಲ್ದ ಅವನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಈ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಒಳ್ಳೆಯ ದಿನದ ಮಾತೆತ್ತಬೇಡ, ಕೆಟ್ಟ ದಿನವನ್ನಷ್ಟೇ ಹೇಳು, ಇಲ್ಲದಿದ್ದರೆ ಬೆಳಿಗ್ಗೆ ಸಹಾಯಕ್ಕೆ ಬರುವವಳನ್ನು ನಿಲ್ಲಿಸಿಬಿಡುತ್ತಾರೆ, ನೀನು ನನಗೆ ಸ್ನಾನ ಮಾಡಿಸುತ್ತೀಯೇನೋ, ನಾಚಿಕೆಯಿಂದ ಸತ್ತೇಹೋಗುತ್ತೀಯ. ಭುಜ ಇಳಿಬಿಡು, ಇನ್ನೂ ಇಳಿಬಿಡು, ನೀನು ಮದುವೆಗೆ ಬಂದಿಲ್ಲ. ಮರುದಿನ ಆ ಹೆಂಗಸು ಬಂದಾಗ ಅವಳು ಕಂಬಳಿ ಹೊದ್ದು, ಗೋಡೆಯ ಮೇಲಿನ ಒಂದು ಕಲೆಯನ್ನೇ ನೋಡುತ್ತಾ, ತುಟಿ ಬಿಚ್ಚದೆ ಕೂರುತ್ತಿದ್ದಳು, ಬಿತ್ತೋರ್ ಒಪ್ಪಿಸುತ್ತಿದ್ದ. ಹೆಂಗಸು ಮೆಟ್ಟಿಲಿಳಿದ ಸದ್ದು ಮುಗಿದ ಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದರು. ಒಂದು ಮಾತೂ ಸುಳ್ಳಲ್ಲ ಎಂದು ಅವಳು ಪ್ರತಿ ಸಲ ಬೆರಳೆತ್ತಿ ಹೇಳುತ್ತಿದ್ದಳು. ಒಂದು ಮಾತೂ ಸುಳ್ಳಾಗಿರಲಿಲ್ಲ.

ತಲೆಯೆತ್ತಿದಾಗ ಡಾಕ್ಟರ ಮುಖ ಬದಲಾಗಿತ್ತು. ಅದರಲ್ಲಿ ಕರುಣೆ ಬಂದಿತ್ತು, ಆತುರ ಹೋಗಿತ್ತು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುವುದನ್ನು ನಿಲ್ಲಿಸಿ ಎರಡೂ ಪಾದ ಊರಿ ನಿಂತಿದ್ದಳು, ಹೊರಡುವ ಬಸ್ಸು ಹೊರಟೇಹೋಯಿತೆಂದು ತಿಳಿದವಳ ಹಾಗೆ. ತಪಾಸಣೆಯ ಹೆಂಗಸಿನ ಮುಖದಲ್ಲಿ ಈ ಕರುಣೆ ಕಂಡಾಗ ಬಿತ್ತೋರನಿಗೆ ಗೆದ್ದಂತಾಗುತ್ತಿತ್ತು. ಈಗ ಅದೇ ಕರುಣೆ ಅವನಿಗೆ ಸೋಲಿನ ಹಾಗೆ ಕಂಡಿತು. ಒಯಾನ ಗೋಡೆಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದಳು, ದೊಡ್ಡ ಡಾಕ್ಟರಿರಬೇಕು. "ಹೌದು ಸರ್, ವೀಲ್‌ಚೇರ್. ಪೋಲಿಯೋ... ಮೊದಲಿಂದಲೂ ಪೂರ್ತಿ ಅವಲಂಬನೆ, ತಮ್ಮ ನೋಡಿಕೊಳ್ತಾರಂತೆ... ನಾಲ್ಕು. ಐದು ಅಂದ್ರೂ ತಪ್ಪಿಲ್ಲ... ಅದೇ, ಏನನ್ನ ಉಳಿಸೋದಕ್ಕೆ ಅಂತ..." ಅವಳು ಮುಂದೆ ಹೇಳಲಿಲ್ಲ. ಆ ಕಡೆಯವರೂ ಹೇಳುತ್ತಿರಲಿಲ್ಲವೆಂದು ಕಾಣುತ್ತದೆ. ಫೋನಿನ ಎರಡೂ ತುದಿಯಲ್ಲಿ ನಿಂತ ಆ ಮೌನದೊಳಗೆ ಅಕ್ಕ ಮೆಲ್ಲಗೆ ಮುಳುಗುತ್ತಿದ್ದಾಳೆ, ಅದರೊಳಕ್ಕೆ ಅವಳನ್ನು ನೂಕಿದವನು ತಾನು ಎಂದು ಬಿತ್ತೋರನಿಗೆ ತಿಳಿದುಹೋಯಿತು. ಯಾರೂ ಕೆಟ್ಟವರಲ್ಲ. ಕೇಳಿದ್ದಕ್ಕೆ ಹೇಳಿದ್ದಾನೆ, ಹೇಳಿದ್ದನ್ನು ಅವಳು ನಂಬಿದ್ದಾಳೆ.

"ನಾಲ್ಕು ಅಂದ್ರೆ ಏನು?" ಎಂದು ಕೇಳಿದ. ತನ್ನ ದನಿ ಅಕ್ಕನ ದನಿಯಷ್ಟು ದೊಡ್ಡದಾಗಿ ಬಂದದ್ದಕ್ಕೆ ಅವನೇ ಬೆಚ್ಚಿದ.

ಒಯಾನ ಫೋನನ್ನು ಎದೆಗೆ ಒತ್ತಿಕೊಂಡಳು. "ಅದೊಂದು ಅಳತೆ. ಏನೂ ತೊಂದರೆ ಇಲ್ಲದವರಿಗೆ ಸೊನ್ನೆ. ಆರು ಅಂದ್ರೆ..." ತಡೆದಳು. "ಆರು ಅಂದ್ರೆ ತೀರಿಕೊಂಡವರು. ಮೊದಲೇ ನಾಲ್ಕರಲ್ಲಿ ಇದ್ದವರಿಗೆ ಈ ಚಿಕಿತ್ಸೆಯಿಂದ ಎಷ್ಟು ಅನುಕೂಲ ಅನ್ನೋದು ನಮಗೆ ಸರಿಯಾಗಿ ಗೊತ್ತಿಲ್ಲ. ಚಿಕಿತ್ಸೆಯನ್ನ ಪರೀಕ್ಷಿಸಿ ನೋಡೋ ದೊಡ್ಡ ಅಧ್ಯಯನಗಳಲ್ಲಿ ಇಂಥವರನ್ನ ಸೇರಿಸಿಕೊಂಡೇ ಇಲ್ಲ."

"ಡಾಕ್ಟ್ರೇ, ನಾನು ಹೇಳಿದ್ದೆಲ್ಲ ನಿಜ. ಆದ್ರೆ ಸುಳ್ಳು."

"ಎರಡರಲ್ಲಿ ಒಂದು ಹೇಳಿ ಸ್ವಾಮಿ, ಟೈಮಿಲ್ಲ."

"ಅದು ಕಚೇರಿಯವರಿಗೆ ಹೇಳೋ ಪಾಠ. ಬಾಯಿಗೆ ತಾನಾಗಿ ಬಂದುಬಿಡ್ತು."

ಅವಳು ಅವನನ್ನು ಒಂದು ಕ್ಷಣ ದಿಟ್ಟಿಸಿದಳು. ಬೈಯುತ್ತಾಳೆಂದು ಅವನು ಕಾದ. "ಹಾಗಾದ್ರೆ ನಿನ್ನೆ ಹೇಳಿ," ಅಂದಳು. "ಏನು ಮಾಡೋಕಾಗಲ್ಲ ಅನ್ನೋದು ಬೇಡ. ನಿನ್ನೆ ಬೆಳಿಗ್ಗೆಯಿಂದ ಏನು ಮಾಡಿದ್ರು?"

ನಿನ್ನೆ. ನಿನ್ನೆ ಏನೂ ಆಗಿರಲಿಲ್ಲ, ಅದೊಂದು ಬುಧವಾರ. ಬಿತ್ತೋರ್ ಬಾಯಿ ತೆರೆದ, ಇಷ್ಟು ವರ್ಷ ಬಾಯಿಪಾಠ ಮಾಡಿದ್ದರ ಒಂದು ಪದವೂ ಉಪಯೋಗಕ್ಕೆ ಬರಲಿಲ್ಲ. ಮಾತುಗಳು ತೊದಲುತ್ತಾ, ಒಂದರ ಮೇಲೊಂದು ಬೀಳುತ್ತಾ ಬಂದವು. ಬೆಳಿಗ್ಗೆ ಪಕ್ಕದ ಕೋಣೆಯಿಂದಲೇ ಕೂಗಿ ಅವನನ್ನು ಎಬ್ಬಿಸಿದಳು. ಮಲಗಿದ ಕಡೆಯಿಂದ ಊರನ್ನೇ ಎಬ್ಬಿಸಬಲ್ಲಳು. ಸಹಾಯದವಳು ಬಂದು ಕುರ್ಚಿಗೆ ಕೂರಿಸುವಾಗ ಅವಳ ಗಂಡನ ಕುಡಿತದ ಬಗ್ಗೆ ವಿಚಾರಿಸಿ, ಆ ಗಂಡನಿಗೇ ಫೋನ್ ಮಾಡಿ ಉಗಿದಳು. ಹೊಸ ವಾಚನಾಲಯದ ಬಾಗಿಲಿಗೆ ಮೆಟ್ಟಿಲು ಕಟ್ಟಿದ್ದಾರಲ್ಲ, ಅದನ್ನು ಒಡೆದು ಇಳಿಜಾರು ಮಾಡುವವರೆಗೆ ಮೇಯರರ ಕಾರು ನಿಲ್ಲುವ ಜಾಗದಲ್ಲಿ ತನ್ನ ಕುರ್ಚಿ ನಿಲ್ಲಿಸುತ್ತೇನೆಂದು ಪುರಸಭೆಗೆ ಹೋಗಿ ಹೇಳಿ ಬಂದಳು. ಮಧ್ಯಾಹ್ನ ಉಪ್ಪುಮೀನಿನ ಅಡುಗೆ. ಮಣ್ಣಿನ ಪಾತ್ರೆಯನ್ನು ತಗ್ಗಿನ ಒಲೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದು ಗುಂಡಗೆ ಆಡಿಸುತ್ತಲೇ ಇರಬೇಕು, ಎಣ್ಣೆ ಮತ್ತು ಮೀನಿನ ಅಂಟು ಕೂಡಿ ಗಟ್ಟಿಯಾಗುವ ತನಕ; ಆ ಮಣಿಕಟ್ಟು ಇಡೀ ಬೀದಿಯಲ್ಲಿ ಯಾರಿಗೂ ಇಲ್ಲ. ಅವನೂ ಒಂದು ಸಲ ಆಡಿಸಿ ನೋಡಿದ್ದ, ಎಣ್ಣೆ ಎಣ್ಣೆಯಾಗಿಯೇ ಉಳಿದಿತ್ತು. ಊಟವಾದ ಮೇಲೆ ಬೇಕರಿಯವನ ಮಗಳ ಮದುವೆಯ ಉಡುಪಿನ ಅಂಚು ಹೊಲಿದಳು, ಹುಡುಗಿ ದಪ್ಪಗಾಗಿದ್ದಾಳೆ ಎಂದು ಅವಳ ಮುಖಕ್ಕೇ ಹೇಳಿದಳು, ಅತ್ತ ಹುಡುಗಿಯನ್ನು ನಗಿಸಿ ಕಳಿಸಿದಳು. ಸಂಜೆ ಇಬ್ಬರೂ ಎಲೆ ಹರಡಿಕೊಂಡು ಸನ್ನೆಗಳ ಅಭ್ಯಾಸ ಮಾಡಿದರು. ನಿನ್ನ ಮುಖದ ಮೇಲೆ ಸನ್ನೆ ಹಸುವಿನ ಹಾಗೆ ನಡೆಯುತ್ತೆ ಕಣೋ, ಇಲಿಯ ಹಾಗೆ ಓಡಬೇಕು, ಅಂದಳು. ಹೇಳುತ್ತ ಹೇಳುತ್ತ ಬಿತ್ತೋರನಿಗೆ ಒಳಗೊಂದು ಲವಲವಿಕೆ ಬರತೊಡಗಿತ್ತು. ಆಸ್ಪತ್ರೆ, ಬಾಗಿಲು, ಹೆಪ್ಪು ಯಾವುದೂ ಮರೆತಿರಲಿಲ್ಲ, ಆದರೂ ಅವಳ ಬುಧವಾರವನ್ನು ಹೀಗೆ ಕೈಯಲ್ಲಿ ಎತ್ತಿ ತೋರಿಸುತ್ತ ನಿಂತಿರುವುದರಲ್ಲಿ ತಡೆಯಲಾಗದ ಒಂದು ಸುಖವಿತ್ತು. ಇಷ್ಟೆಲ್ಲ ಇತ್ತೇ ನಿನ್ನೆ? ಅವಳು ಬದುಕುವುದನ್ನು ದಿನವೂ ನೋಡಿದ್ದ, ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

"ಮೇಲಿನ ಕಪಾಟು ಅವಳ ಕೈಗೆ ಎಟುಕಲ್ಲ, ಅಷ್ಟೇ ತಾಯಿ. ಅದಕ್ಕೆ ನಾನಿದೀನಿ."

"ಮತ್ತೆ ಅವರಿಲ್ಲದೆ ನೀವು?"

"ನಂಗೆ ಮೊಟ್ಟೆ ಬೇಯಿಸೋಕೂ ಬರಲ್ಲ."

"ಹಾಗಾದ್ರೆ ನಾಲ್ಕು ನಿಮಗೇ ಕೊಡಬೇಕು," ಅಂದಳು ಒಯಾನ. ನಗಲಿಲ್ಲ, ಆದರೆ ಪಾದಗಳು ಮತ್ತೆ ನಿಂತಲ್ಲಿ ನಿಲ್ಲಲಾರದೆ ಆಡತೊಡಗಿದ್ದವು. ಫೋನನ್ನು ಕಿವಿಗಿಟ್ಟಳು. "ಸರ್, ಇದ್ದೀರಾ? ಕೇಳಿಸ್ತಾ?... ಹೌದು, ನಡೆಯೋಕಾಗಲ್ಲ, ಅದು ನಿಜವೇ. ಆದ್ರೆ ಈ ಹೆಪ್ಪು ಕಾಲಿಗೆ ಸಂಬಂಧಪಟ್ಟಿದ್ದಲ್ಲವಲ್ಲ. ಇವತ್ತಿನವರೆಗೂ ಮಾತಿತ್ತು, ಬಲಗೈ ಇತ್ತು. ಕಳಕೊಳ್ಳೋಕೆ ಬೇಕಾದಷ್ಟಿದೆ. ಅಧ್ಯಯನಗಳಲ್ಲಿ ಸೇರಿಸಿಕೊಳ್ಳಲಿಲ್ಲ ಅಂದ್ರೆ ಉಪಯೋಗ ಇಲ್ಲ ಅಂತ ಅಲ್ಲ. ಮೊದಲಿದ್ದ ಸ್ಥಿತಿಗೆ ವಾಪಸ್ ಬಂದವರು ಇಂಥವರಲ್ಲೂ ಇದ್ದಾರೆ, ನಾವೇ ನೋಡಿದೀವಿ... ಆಗಲಿ. ಕರ್ಕೊಂಡು ಹೋಗ್ತೀನಿ." ಆಮೇಲೆ ಬಿತ್ತೋರನ ತೋಳು ಹಿಡಿದು, ಮಕ್ಕಳಿಗೆ ಹೇಳುವಂತೆ ಒಂದೊಂದೇ ಮಾತು ಹೇಳಿದಳು. "ನಡೆಯೋ ಹಾಗೆ ಮಾಡ್ತೀವಿ ಅಂತ ತಿಳ್ಕೋಬೇಡಿ. ಎಲ್ಲ ಸರಿಹೋದ್ರೂ ಮೊದಲು ಹೇಗಿದ್ರೋ ಹಾಗೆ, ಅಷ್ಟೇ. ಅದಕ್ಕೂ ಖಾತ್ರಿ ಇಲ್ಲ. ಜೀವಕ್ಕೂ ಅಪಾಯ ಇದೆ."

"ಮೊದಲು ಇದ್ದ ಹಾಗೆ," ಅಂದ ಬಿತ್ತೋರ್. "ಅಷ್ಟು ಸಾಕು."

ಅವಳು ಓಡಿದಳು. ಅವನು ತಾನು ಆಡಿದ ಮಾತಿನ ಪಕ್ಕದಲ್ಲಿ ನಿಂತುಬಿಟ್ಟ. ಇಂಥದ್ದನ್ನು ಅವರ ಮನೆಯಲ್ಲಿ ಯಾರೂ ಯಾವತ್ತೂ ಬೇಡಿಕೊಂಡಿರಲಿಲ್ಲ. ಅಮ್ಮ ಬೇಡಿಕೊಂಡಿದ್ದು, ಅತ್ತೆಯರು ಬೇಡಿಕೊಂಡಿದ್ದು, ಕನ್ಯಾಸ್ತ್ರೀಯರು ಅವಳ ತಲೆ ಸವರಿ ಬೇಡಿಕೊಂಡಿದ್ದು ಎಲ್ಲ ಒಂದೇ: ಇವಳು ನಡೆಯುವಂತಾಗಲಿ. ಊರಿನವರ ಜೊತೆ ಬಸ್ಸಿನಲ್ಲಿ ಯಾತ್ರೆಗೆಂದು ಬೆಟ್ಟ ದಾಟಿ ಲೂರ್ದ್‌ಗೆ ಹೋಗಿದ್ದರು, ಬಿತ್ತೋರನಿಗೆ ಆಗ ಆರೋ ಏಳೋ ವರ್ಷ, ದಾರಿಯುದ್ದಕ್ಕೂ ವಾಂತಿ. ದೇವಮಾತೆಯ ಗುಹೆಯ ಬಳಿ ಸಾಲುಗಟ್ಟಿದ ಜನ, ಮೇಣದ ವಾಸನೆ, ಅಮ್ಮನ ಬೆವರಿದ ಅಂಗೈ. ಅಕ್ಕನನ್ನು ಹೆಂಗಸರು ಪರದೆಯ ಹಿಂದೆ ಒಯ್ದು ಊಟೆಯ ನೀರಿನಲ್ಲಿ ಮುಳುಗಿಸಿದರು. ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಎಷ್ಟು ಬಿಗಿಯಾಗಿ ಎಂದರೆ ಕತ್ತಲೆಯಲ್ಲಿ ಕೆಂಪು ಚುಕ್ಕೆಗಳು ಕಾಣುವಷ್ಟು, ತಾಯೇ ಅವಳು ಎದ್ದು ಬರಲಿ ಎಂದು ಬೇಡಿದ. ಪರದೆ ಸರಿಯಿತು. ಅವಳು ಎತ್ತಿಕೊಂಡವರ ತೋಳಿನಲ್ಲೇ ಬಂದಳು, ಹಲ್ಲು ಕಟಕಟ ಎನ್ನುತ್ತಿತ್ತು. ಎಲ್ಲರೂ ಉಸಿರು ಹಿಡಿದು ಅವಳ ಕಾಲು ನೋಡಿದರು. "ನೀರು ತಣ್ಣಗಿದೆ," ಅಂದಳು, "ಇನ್ನೇನಿಲ್ಲ." ಅಮ್ಮ ಅತ್ತಳು. ಬಿತ್ತೋರನೂ ಅತ್ತ, ತನ್ನ ಪ್ರಾರ್ಥನೆಯಲ್ಲೇ ಏನೋ ತಪ್ಪಿತ್ತೆಂದು. ಮರಳಿ ಬರುವಾಗ ಬಸ್ಸಿನಲ್ಲಿ ಅವಳು ಅವನ ತೊಡೆಯನ್ನು ಚಿವುಟಿ, ಯಾಕೋ ಅಳ್ತೀಯ, ನಾನು ಇಲ್ಲೇ ಇದೀನಲ್ಲ, ಅಂದಿದ್ದಳು. ಆ ಮಾತಿನ ಅರ್ಥ ತಿಳಿಯಲು ಒಂದು ಹೆಪ್ಪು ಬೇಕಾಯಿತೇ ಎಂದುಕೊಂಡ. ಯಾವ ಕಡಿತವೂ ಇಲ್ಲದೆ, ಯಾವ ಪವಾಡವೂ ಇಲ್ಲದೆ, ನಿಲ್ಲಲಾರದ ಕಾಲು, ಕೆಟ್ಟ ಬೆನ್ನು, ಕೆಟ್ಟ ಬಾಯಿ ಎಲ್ಲ ಸಮೇತ ಅವಳು ಬೇಕು. ಬುಧವಾರದ ಕಶಿಲ್ದ ಬೇಕು.

ಕ್ರಿಶ್ಪಿನನೂ ಚೋಮಿನನೂ ವ್ಯಾನಿನಲ್ಲಿ ಬಂದರು. ಹೋಟೆಲಿನಲ್ಲೇ ಉಳಿದಿದ್ದ ಗಾಲಿಕುರ್ಚಿಯನ್ನು ಚೋಮಿನ್ ತುಂಬಾ ಜೋಪಾನವಾಗಿ, ಒಳಗೆ ಯಾರೋ ಕುಳಿತಿದ್ದಾರೆಂಬಂತೆ ತಳ್ಳಿಕೊಂಡು ಬಂದ. ಕ್ರಿಶ್ಪಿನ್ ಟೊಪ್ಪಿ ತೆಗೆದು ಕೈಯಲ್ಲಿ ಹಿಂಡುತ್ತಿದ್ದ. ಬೋಳು ತಲೆ ದೀಪದಡಿ ಬಡಪಾಯಿಯಂತೆ ಹೊಳೆಯಿತು.

"ನಾನು ನಗಾಡಿದೆ ಕಣೋ," ಅಂದ. "ಬಾಯಿ ಸರಿ ಮಾಡ್ಕೋ ಅಂದೆ."

"ನಾನು ಪಣ ಹಚ್ಚಿದೆ," ಅಂದ ಬಿತ್ತೋರ್.

"ಎರಡೂ ಕತ್ತೆಗಳೇ," ಅಂದ ಚೋಮಿನ್. ಅವನ ಅಂದಿನ ಪಾಲಿನ ಮಾತು ಮುಗಿಯಿತು.

ಕ್ರಿಶ್ಪಿನ್ ಖಾಲಿ ಕುರ್ಚಿಯ ಕಡೆ ತಿರುಗಿದ. "ಹೋಟೆಲಿನಲ್ಲಿ ಎಲ್ಲಾ ಸೇರ್ಕೊಂಡು ಆ ಓರ್ದಾಗೋ ಲೆಕ್ಕಕ್ಕಿಲ್ಲ ಅಂತ ತೀರ್ಮಾನ ಮಾಡಿದಾರೆ. ನಾನು ಒಪ್ಪಲ್ಲ. ಗೆದ್ದಿದ್ದು ಗೆದ್ದಿದ್ದೇ. ಬೇಕಾದ್ರೆ ಅವಳೇ ಬಂದು ನನ್ನ ಹತ್ರ ಜಗಳ ಆಡಲಿ." ಕೊನೆಯ ಮಾತು ಪ್ರಾರ್ಥನೆಯೆಂದು ಮೂವರಿಗೂ ಗೊತ್ತಿತ್ತು. ಬಿತ್ತೋರನಿಗೆ ನಗು ಬಂತು, ನಗುವಿನ ಹಿಂದೆಯೇ ಬರಬೇಕಾಗಿದ್ದ ಅಳು ದಾರಿ ತಪ್ಪಿ ಎಲ್ಲೋ ಹೋಯಿತು.

ಒಯಾನ ಬಂದಾಗ ಕಿಟಕಿಯಾಚೆ ಇನ್ನೂ ಸ್ವಲ್ಪ ಬೆಳಕಿತ್ತು. ಅವಳು ಏನೂ ಹೇಳದೆ ಅಂಗೈಯಗಲದ ಬಿಳಿ ಬಟ್ಟೆಯನ್ನು ಮುಂದೆ ಹಿಡಿದಳು. ಅದರ ನಡುವೆ ಕಪ್ಪುಗೆಂಪಿನ ಒಂದು ತುಣುಕು, ಒಣಗಿದ ಮೆಣಸಿನಕಾಯಿಯ ತೊಟ್ಟಿನಷ್ಟು. "ಒಂದೇ ಎಳೆತಕ್ಕೆ ಬಂತು," ಅಂದಳು. ಆಗ ಅವಳು ಡಾಕ್ಟರಂತಲ್ಲ, ಹೊಳೆಯಲ್ಲಿ ದೊಡ್ಡ ಮೀನು ಹಿಡಿದ ಹುಡುಗಿಯಂತೆ ಕಂಡಳು. ಮೂವರೂ ಬಗ್ಗಿ ನೋಡಿದರು. ಇಷ್ಟೇ ಇಷ್ಟು? ಅಷ್ಟು ದೊಡ್ಡ ದನಿಯ ದಾರಿಗೆ ಇಷ್ಟು ಚಿಕ್ಕದು ಅಡ್ಡ ಕೂತಿತ್ತೇ? ಮಾತು ಬರುತ್ತದೆಯೇ ಎಂದು ಬಿತ್ತೋರ್ ಕೇಳುವ ಮೊದಲೇ ಅವಳು ಹೇಳಿದಳು. "ಕೈ ಆಡಿಸ್ತಿದಾರೆ. ಮಾತು ನಾಳೆ ನೋಡೋಣ. ಕೆಲವರಿಗೆ ತಡ ಆಗತ್ತೆ, ಕೆಲವರಿಗೆ ಪೂರ್ತಿ ಬರಲ್ಲ. ಸುಳ್ಳು ಹೇಳಲ್ಲ ನಾನು."

ಮರುದಿನ ಮಧ್ಯಾಹ್ನ ಅವನನ್ನು ಒಳಗೆ ಬಿಟ್ಟರು. ಮಂಚ, ಮಂಚದ ಪಕ್ಕ ಗಾಲಿಕುರ್ಚಿ, ಕಿಟಕಿಯ ತುಂಬ ಬಿಸಿಲು. ಕಶಿಲ್ದ ಎಚ್ಚರವಾಗಿದ್ದಳು. ಅವಳ ಬಲಗೈ ಹೊದಿಕೆಯ ಅಂಚನ್ನು ಹುಡುಕಿ, ಮಡಿಸಿ, ಉಗುರಿನಿಂದ ಗೀರಿ, ಮತ್ತೆ ಬಿಚ್ಚುತ್ತಿತ್ತು. ಹೊಲಿಗೆ ಸರಿಯಿಲ್ಲವೆಂದು ಕಂಡಾಗ ಅವಳು ಮಾಡುವುದೇ ಹಾಗೆ. ಅವನು ಆ ಕೈಯನ್ನು ನೋಡುತ್ತ ನಿಂತ, ಹಿಡಿಯಲು ಹೋಗಲಿಲ್ಲ,  ಹಿಡಿದರೆ ನಿಂತುಬಿಡುತ್ತದಲ್ಲ. ಆದರೆ ಅವಳು ಮಾತಾಡಲಿಲ್ಲ. ಅವನನ್ನು ಗುರುತಿಸಿದಳು, ತುಟಿ ಕೂಡಿಸಿದಳು, ಒಳಗೆಲ್ಲೋ ಕತ್ತಲ ಕೋಣೆಯಲ್ಲಿ ತಡಕಾಡುವವಳಂತೆ ಹುಬ್ಬು ಗಂಟಿಕ್ಕಿದಳು, ಕೈಗೆ ಏನೂ ಸಿಗದೆ ಬಿಟ್ಟುಕೊಟ್ಟಳು. ತಪಾಸಣೆಯ ಹೆಂಗಸಿನ ಮುಂದೆ ಅವಳು ನಟಿಸುತ್ತಿದ್ದ ಮೌನವನ್ನು ಅವನು ಬಲ್ಲ, ಅದರ ಹಿಂದೆ ಯಾವಾಗಲೂ ನಗು ಅವಿತಿರುತ್ತಿತ್ತು. ಈ ಮೌನದ ಹಿಂದೆ ಏನಿದೆ ಎಂದು ತಿಳಿಯಲಿಲ್ಲ. ಅದನ್ನು ತುಂಬಲು ಅವನೇ ಏನೇನೋ ಮಾತಾಡಿದ, ಬೆಳಿಗ್ಗೆ ಒಣ ಬ್ರೆಡ್ಡು ತಿಂದದ್ದು, ಹಾಲು ಉಕ್ಕಿ ಒಲೆಯೆಲ್ಲ ಹಾಳಾದದ್ದು, ಬೇಕರಿಯವನ ಮಗಳು ಅಳುತ್ತಾ ಮನೆಗೆ ಬಂದದ್ದು. ಅವಳು ಕೇಳಿಸಿಕೊಂಡಳು. ಹಾಲಿನ ಮಾತಿಗೆ ಅವಳ ಕಣ್ಣು ಕಿರಿದಾದಂತೆ ಕಂಡಿತು. ಕಂಡಿತೋ, ಕಾಣಲೆಂದು ತಾನು ಬಯಸಿದೆನೋ.

ಆಗ ಒಬ್ಬ ಹೊಸ ಡಾಕ್ಟರು ಬಂದ, ಗಡ್ಡ ಇನ್ನೂ ಪೂರ್ತಿ ಬೆಳೆಯದವನು, ಕೈಯಲ್ಲಿ ಹಲವು ರೋಗಿಗಳ ಕಾಗದ. ಅವಸರದಲ್ಲಿದ್ದ, ಆದರೆ ಮರ್ಯಾದೆಯವನು. "ನಮಸ್ಕಾರ ಅಮ್ಮ. ಕೈ ಎತ್ತಿ ನೋಡೋಣ. ಎರಡೂ... ಬಲಗೈನೂ! ಬಹಳ ಚೆನ್ನಾಗಿದೆ. ನನ್ನ ಬೆರಳು ಗಟ್ಟಿಯಾಗಿ ಹಿಡೀರಿ... ಅಯ್ಯೋ, ಸಾಕು, ಸಾಕು ಬಿಡಿ." ಬೆರಳು ಕೊಡವುತ್ತ ಮಂಚದ ಕೊನೆಗೆ ಹೋದ. "ಈಗ ಕಾಲು ಎತ್ತಿ." ಕಾಲು ಏಳಲಿಲ್ಲ. "ಇನ್ನೊಂದು?" ಅದೂ ಏಳಲಿಲ್ಲ. ಅವನು ಹೊದಿಕೆ ಸರಿಸಿದ, ಮಂಡಿಯನ್ನು ತಟ್ಟಿದ, ಪಾದವನ್ನು ಕೀಲಿಕೈಯಿಂದ ಗೀರಿದ, ಮತ್ತೆ ತಟ್ಟಿದ. ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. "ಸಿಸ್ಟರ್!" ಎಂದು ಕೂಗಿದ. "ಎರಡೂ ಕಾಲು ಹೋಗಿವೆ! ಬೆಳಿಗ್ಗೆ ಯಾರು ನೋಡಿದ್ದು? ಇದು ಯಾವಾಗ ಆಯ್ತು?" ಬಿತ್ತೋರ್ ಬಾಯಿ ತೆರೆದ. ಅವನಿಗಿಂತ ಮೊದಲು ಮಂಚದಿಂದ ಒಂದು ಸದ್ದು ಬಂತು, ತುಕ್ಕು ಹಿಡಿದ ಚಿಲಕ ಸರಿದಂತೆ.

"ಅದು," ಅಂದಳು ಕಶಿಲ್ದ. ಮುಂದಿನದಕ್ಕಾಗಿ ತಡಕಾಡಿದಳು. ಹುಡುಗ ಅವಳ ಕಡೆ ತಿರುಗಿದ. ಅವನ ಬಿಳಿಚಿದ ಮುಖ ಕಂಡು ಅವಳಿಗೆ ಕನಿಕರ ಬಂದಿರಬೇಕು. "ಅದು... ಹಳೇದು, ಮರಿ."

ಹುಡುಗ ಕಾಲನ್ನು ನೋಡಿದ, ಕಾಗದ ನೋಡಿದ, ಗಾಲಿಕುರ್ಚಿ ನೋಡಿದ, ಕಿವಿಯ ತುದಿಯವರೆಗೂ ಕೆಂಪಾದ. ಕಶಿಲ್ದಳ ಹೊಟ್ಟೆ ಹೊದಿಕೆಯಡಿಯಲ್ಲಿ ಕುಲುಕತೊಡಗಿತು. ಮೊದಲು ಸದ್ದಿಲ್ಲದ ನಗು, ಆಮೇಲೆ ಸದ್ದಿನದು, ಆಮೇಲೆ ಪಕ್ಕದ ಕೋಣೆಯಿಂದ ದಾದಿಯರು ಇಣುಕುವಂಥದ್ದು. ಬಿತ್ತೋರನೂ ನಕ್ಕ, ನಕ್ಕು ನಕ್ಕು ತೊಡೆಯಲ್ಲಿ ಬಲವೇ ಉಳಿಯಲಿಲ್ಲ. ಕುಸಿಯುವಂತಾಗಿ ಹಿಂದಕ್ಕೆ ಕೈಹಾಕಿದಾಗ ಸಿಕ್ಕಿದ್ದು ಅವಳ ಕುರ್ಚಿ. ಜೀವಮಾನದಲ್ಲಿ ಒಂದು ದಿನವೂ ಅದರಲ್ಲಿ ಕುಳಿತಿರಲಿಲ್ಲ. ದೊಪ್ಪನೆ ಕುಳಿತ. ಕುರ್ಚಿ ಅವನನ್ನು ಹೊತ್ತು ಹಿಂದಕ್ಕೆ ಹೊರಟಿತು, ನುಣುಪಾದ ನೆಲದ ಮೇಲೆ, ತೆರೆದ ಬಾಗಿಲಿನ ಕಡೆಗೆ.

"ಬ್ರೇಕು!" ಎಂಬ ಕೂಗು ಕೇಳಿತು. ಅದು ಪಕ್ಕದ ಬೀದಿಗೂ ಕೇಳುವ ದನಿ. "ಬ್ರೇಕ್ ಹಾಕೋ, ದಡ್ಡ ಮುಂಡೇದೇ! ಒಂದು... ಒಂದು ದಿನ ನಾನಿಲ್ದಿದ್ರೆ ಹಾಲು ಉಕ್ಕಿಸ್ತೀಯ! ಕೂರೋಕೂ ಬರಲ್ವಲ್ಲೋ ನಿಂಗೆ!"

ಎರಡೂ ಚಕ್ರಗಳು ಬಿತ್ತೋರನ ಕೈಗಳ ಪಕ್ಕದಲ್ಲೇ ಉರುಳುತ್ತಿದ್ದವು, ಮುಟ್ಟಿದರೆ ನಿಲ್ಲುತ್ತಿದ್ದವು. ಅವನು ಮುಟ್ಟಲಿಲ್ಲ. ಹೊಸ್ತಿಲು ದಾಟಿ ಕಾರಿಡಾರಿಗೆ ಬಂದ, ತಟ್ಟೆ ಹಿಡಿದ ದಾದಿಯೊಬ್ಬಳು ಗೋಡೆಗೆ ಸರಿದು ದಾರಿ ಬಿಟ್ಟಳು. ಒಳಗಿನಿಂದ ಅಕ್ಕ ಇನ್ನೂ ಬೈಯುತ್ತಿದ್ದಳು, ಒಂದು ಪದಕ್ಕೆ ತಡವರಿಸಿ, ಅದಕ್ಕಿಂತ ಕೆಟ್ಟ ಪದವೊಂದನ್ನು ಹುಡುಕಿಕೊಂಡು. ಇನ್ನಷ್ಟು ಬೈಯಲಿ ಎಂದು ಅವನು ಕಾಲೆತ್ತಿಕೊಂಡು ಕುಳಿತ.